ಸಂದಿನ ಗಾರೆ

ನಮ್ಮ ಧಾರವಾಡದ ಕಡೆ ಚಿಮಣಿ ಎಂದರೆ ದೀಪ. ಸಣ್ಣವಳಿದ್ದಾಗ ಚಿಮಣಿ ಎಣ್ಣೆಗೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವಳು ನಾನು. ಹೀಗಾಗಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿರುವ ಮಗಳು ಫೋನಿನಲ್ಲಿ, “ಅವ್ವಾ, ಈ ಸಲ ನೀ ಬರೂ ಹೊತ್ತಿಗೆ ಮನೀ ತುಂಬ ಧೂಳ ಇರತೈತಿ, ಚಿಮಣಿ ರಿಪೇರಿ ಮಾಡಸಾಕತ್ತೇವಿ” ಎಂದಾಗ ನನಗೆ ನಗು ಬಂತು. ಒಂದು ದೀಪದ ರಿಪೇರಿಗೆ ಇಷ್ಟು ಧೂಳೇ? ಆಮೇಲೆ ಅವಳು ಬಿಡಿಸಿ ಹೇಳಿದಳು. ಮನೆಯ ನೆತ್ತಿಯ ಮೇಲಿನ ಇಟ್ಟಿಗೆಯ ಹೊಗೆಗೂಡು ಅದು. ಅದರ ಇಟ್ಟಿಗೆಗಳ ನಡುವಿನ ಸಂದುಗಳು ಕೆಟ್ಟಿದ್ದವು.

2023ರ ಜೂನಿನಲ್ಲಿ ನಾನು ಅಲ್ಲಿಗೆ ಹೋದೆ. ಮಗಳ ಮನೆ 1890ರ ಸುಮಾರಿಗೆ ಕಟ್ಟಿದ್ದು. ಒಂದಕ್ಕೊಂದು ಭುಜ ತಾಗಿಸಿ ನಿಂತ ಕೆಂಪು ಇಟ್ಟಿಗೆಯ ಮನೆಗಳ ಉದ್ದನೆಯ ಸಾಲು. ಎರಡೆರಡು ಮನೆಗೆ ಸೇರಿ ಒಂದೊಂದು ಹೊಗೆಗೂಡು. ಒಂದು ಕಾಲಕ್ಕೆ ಪ್ರತಿ ಕೋಣೆಯಲ್ಲೂ ಅಗ್ಗಿಷ್ಟಿಕೆ, ಅದರೊಳಗೆ ಕಲ್ಲಿದ್ದಲು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಹೊಗೆಮಂಜು ಕವಿದು ಸಾವಿರಾರು ಜನ ಸತ್ತ ಮೇಲೆ, 1956ರಲ್ಲಿ ಅಲ್ಲಿಯ ಸರಕಾರ ಹೊಗೆಯ ವಿರುದ್ಧ ಕಾಯಿದೆ ತಂದಿತು. ಬರಬರುತ್ತ ಅನಿಲದ ಹೀಟರುಗಳು ಬಂದವು. ಈಗ ಆ ಸಾಲಿನ ಹೆಚ್ಚಿನ ಹೊಗೆಗೂಡುಗಳಿಂದ ಹೊಗೆಯೇ ಬರುವುದಿಲ್ಲ. ಕೆಲಸವಿಲ್ಲದಿದ್ದರೂ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಳೆ, ಗಾಳಿ, ಹಿಮ ತಿನ್ನುವುದು ಅದೇ. ಗೋಡೆಗಾದರೆ ಒಂದೇ ಮುಖ ಹೊರಗೆ. ಇದಕ್ಕೆ ನಾಲ್ಕೂ ಮುಖ ಹೊರಗೆ. (ಇದನ್ನು ಓದುವಾಗ ನಿಮಗೂ ಯಾರಾದರೂ ನೆನಪಾಗಿರಬಹುದು. ಇರಲಿ.)

ನಾನು ಮಲಗುವ ಕೋಣೆಯ ಗೋಡೆಯ ಮೇಲೆ ಒಂದು ತೇವದ ಕಲೆ. ಮಳೆ ಬಂದ ಮರುದಿನ ಅದು ಒಂದು ಗೇಣು ಬೆಳೆಯುತ್ತಿತ್ತು. ಅದನ್ನು ನೋಡಲು ಇಬ್ಬರು ಗೌಂಡಿಗಳು ಬಂದರು. ಮೊದಲನೆಯವನು ಹುಡುಗ. ಎರಡು ದಿನದ ಕೆಲಸ, ಮಶಿನ್ನಿನಿಂದ ಸಂದು ಕೊರೆದು ಹೊಸ ಸಿಮೆಂಟು ತುಂಬುತ್ತೇನೆ, ನಿಮ್ಮ ಜೀವನಪರ್ಯಂತ ತಿರುಗಿ ನೋಡಬೇಕಿಲ್ಲ ಎಂದು ಹೇಳಿ ಹೋದ. ಎರಡನೆಯವನಿಗೆ ಅರವತ್ತು ದಾಟಿತ್ತು. ರಸ್ತೆಯ ಆಚೆ ಬದಿಗೆ ನಿಂತು ದುರ್ಬೀನು ಹಿಡಿದು ಕಾಲು ತಾಸು ಮೇಲೆ ನೋಡಿದ. ಮಾತಿಲ್ಲ. ಆಮೇಲೆ ಏಣಿ ಹತ್ತಿ ಹೋಗಿ, ಇಳಿದು ಬಂದು, ಅಂಗೈ ತೆರೆದು ತೋರಿಸಿದ. ಹಪ್ಪಳದಷ್ಟು ತೆಳ್ಳಗಿನ ಕೆಂಪು ಚೂರುಗಳು. “ಇದು ನಿಮ್ಮ ಇಟ್ಟಿಗೆಗಳ ಮುಖ” ಎಂದ.

ಅವನು ಹೇಳಿದ್ದನ್ನು ಮಗಳು ನನಗೆ ಅರ್ಧ ಹೇಳಿದಳು, ಅರ್ಧ ನಾನೇ ತಿಳಿದುಕೊಂಡೆ. ಯಾವ ಗೋಡೆಯೂ ನೀರನ್ನು ಪೂರ್ತಿ ತಡೆಯಲಾರದು. ಎಷ್ಟು ಗಟ್ಟಿ ಕಟ್ಟಿದರೂ ಕೂದಲೆಳೆಯಷ್ಟು ಬಿರುಕು ಇದ್ದೇ ಇರುತ್ತದೆ, ಅಲ್ಲಿಂದ ಮಳೆ ಒಳಗೆ ಹೋಗುತ್ತದೆ. ಹೋದ ನೀರು ಯಾವ ದಾರಿಯಿಂದ ಹೊರಗೆ ಬರಬೇಕು ಎಂಬುದೇ ಪ್ರಶ್ನೆ. ಹಳೆಯ ಕಾಲದವರು ಸಂದಿಗೆ ಸುಣ್ಣದ ಗಾರೆ ಹಾಕುತ್ತಿದ್ದರು. ಅದು ಮೆತ್ತಗಿನದು, ಉಸಿರಾಡುವಂಥದು. ನೀರು ಅದರ ಮೂಲಕ ಆರಿಹೋಗುತ್ತಿತ್ತು. ಮೂವತ್ತು ನಲವತ್ತು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮರು ಆ ಹಳೆಯ ಗಾರೆಯನ್ನು ಮೇಲೆಮೇಲೆ ಕೆರೆದು ಸಿಮೆಂಟು ಮೆತ್ತಿದ್ದರು. ಸಿಮೆಂಟು ದಾರಿ ಬಿಡಲಿಲ್ಲ. ನೀರು ಇಟ್ಟಿಗೆಯ ಮುಖದಿಂದಲೇ ಹೊರಬರಬೇಕಾಯಿತು. ಚಳಿಗಾಲದಲ್ಲಿ ಅದು ಅಲ್ಲೇ ಹೆಪ್ಪುಗಟ್ಟಿ, ಉಬ್ಬಿ, ಇಟ್ಟಿಗೆಯ ಮುಖವನ್ನೇ ಸಿಡಿಸಿತು. ಮಗಳು ತೆಗೆದ ಫೋಟೋದಲ್ಲಿ ನೋಡಿದೆ: ಜೇನುತಟ್ಟಿನ ಹಾಗೆ ಸಿಮೆಂಟಿನ ಗೆರೆಗಳು ಮುಂದೆ ನಿಂತಿವೆ, ಅವುಗಳ ನಡುವೆ ಇಟ್ಟಿಗೆಗಳು ಸವೆದು ಒಳಗೆ ಸರಿದಿವೆ. ಸಿಮೆಂಟಿಗೆ ಒಂದು ಗೀರೂ ಇಲ್ಲ.

ಅದಲ್ಲದೆ ಇನ್ನೊಂದು. ಕಲ್ಲಿದ್ದಲ ಹೊಗೆಯಲ್ಲಿರುವ ಗಂಧಕದ ಉಪ್ಪು ತೇವದೊಂದಿಗೆ ಸೇರಿ ಸಿಮೆಂಟಿನ ಸಂದನ್ನು ಉಬ್ಬಿಸುತ್ತದಂತೆ. ಮಳೆ ಬಡಿಯುವ ಕಡೆ ಹೆಚ್ಚು ಉಬ್ಬುತ್ತದೆ, ಹೊಗೆಗೂಡು ಇನ್ನೊಂದು ಕಡೆಗೆ ವಾಲುತ್ತದೆ. ಅಂದಿನಿಂದ ಸಂಜೆ ತಿರುಗಾಡಲು ಹೋದಾಗ ನಾನು ಜನರನ್ನು ನೋಡುವುದು ಬಿಟ್ಟು ತಲೆ ಎತ್ತಿ ಹೊಗೆಗೂಡುಗಳನ್ನೇ ನೋಡತೊಡಗಿದೆ. ನಿಜ, ಕೆಲವು ವಾಲಿದ್ದವು, ಮಾತು ಕೇಳಿಸದವರು ಕಿವಿಗೊಟ್ಟ ಹಾಗೆ.

ಹೊರಡುವಾಗ ಆ ಗೌಂಡಿ ಒಂದು ಮಾತು ಹೇಳಿದ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಇಬ್ಬರಲ್ಲಿ ಒಬ್ಬರು ಸವೆಯಲೇಬೇಕಾದರೆ ಗಾರೆ ಸವೆಯಬೇಕು, ಇಟ್ಟಿಗೆಯಲ್ಲ. ಏಕೆಂದರೆ ಗಾರೆಯನ್ನು ಮತ್ತೆ ತುಂಬಬಹುದು. ಅದಕ್ಕೆ ಅವರಲ್ಲಿ ‘ಸ್ಯಾಕ್ರಿಫಿಶಿಯಲ್’ ಎಂದೇ ಹೆಸರಂತೆ. ತ್ಯಾಗದ ಗಾರೆ ಎನ್ನಬಹುದೇ, ಬಲಿಯ ಗಾರೆ ಎನ್ನಬೇಕೇ? ಆ ಮಾತು ಕೇಳಿ ಕೈಯಲ್ಲಿದ್ದ ಚಹಾದ ಕಪ್ಪು ಹಾಗೇ ಕೆಳಗಿಟ್ಟೆ.

ಏಕೆಂದರೆ ಆ ಮಾತನ್ನು ನಾನೇ ಒಮ್ಮೆ ಭಾಷಣದಲ್ಲಿ ಹೇಳಿದ್ದೆ. 2015ರಲ್ಲಿ ನಾನು ಶಾಲೆಯಿಂದ ನಿವೃತ್ತಳಾದ ದಿನ, ಹಾರ ಶಾಲು ಹಾಕಿಸಿಕೊಂಡು ಮೈಕಿನ ಮುಂದೆ ನಿಂತು, “ನಾನು ಇಷ್ಟು ವರ್ಷ ಕಲಿಸಿದ್ದರೆ ಅದಕ್ಕೆ ನಮ್ಮ ಅಕ್ಕ ಕಾರಣ. ಆಕೆ ನಮ್ಮ ಮನೆಯ ಗಾರೆ” ಎಂದಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ಕೂತಿದ್ದ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಕಣ್ಣೀರು ಎಂದುಕೊಂಡೆ ನಾನು. ಸೆಖೆಯೂ ಇತ್ತು ಅಂದು.

ಅಕ್ಕ ಎಂದರೆ ನನ್ನ ನೆಗೆಣ್ಣಿ, ನನ್ನವರ ಅಣ್ಣನ ಹೆಂಡತಿ. 1978ರಲ್ಲಿ ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಅವರು ಬಂದು ಎಂಟು ವರ್ಷವಾಗಿತ್ತು. ಬೆಳಿಗ್ಗೆ ಐದಕ್ಕೆ ಒಲೆಯ ಮುಂದೆ ಅವರು. ಎಂಟೂವರೆಗೆ ಬುತ್ತಿ ಹಿಡಿದು ಬಸ್ಸಿಗೆ ಓಡುವವಳು ನಾನು. ನನ್ನ ಮಗಳಿಗೆ ಹೆರಳು ಹಾಕಿದವರು, ಜ್ವರ ಬಂದಾಗ ರಾತ್ರಿ ಕೂತವರು, ಮಗ್ಗಿ ಬಾಯಿಪಾಠ ಮಾಡಿಸಿದವರು ಅವರು. ಅವರು ಓದಿದ್ದು ನಾಲ್ಕನೆಯ ಇಯತ್ತೆ. ಅತ್ತೆಯವರ ನಾಲಿಗೆ ಹರಿತ. ಸೊಸೆ ನೌಕರಿಗೆ ಹೋಗುವುದು ಅವರಿಗೆ ಸೇರುತ್ತಿರಲಿಲ್ಲ. ಆದರೆ ಅವರು ಆಡಿದ್ದರಲ್ಲಿ ಅರ್ಧ ಮಾತು ನನ್ನ ಕಿವಿಗೆ ಬೀಳುವ ಮೊದಲೇ ಅಕ್ಕನಲ್ಲಿ ಇಂಗಿಹೋಗುತ್ತಿತ್ತು. ನನ್ನ ಸಿಡುಕೂ ಹಾಗೆಯೇ, ಅತ್ತೆಯನ್ನು ಮುಟ್ಟುತ್ತಿರಲಿಲ್ಲ. ಎರಡು ಕಡೆಯ ನೀರೂ ಅವರಲ್ಲಿ.

ಹೆಂಗಸನ್ನು ಹೊಗಳುವ ನಮ್ಮ ಮಾತುಗಳೆಲ್ಲ ಇದೇ ಜಾತಿಯವು. ಮೇಣದ ಬತ್ತಿ, ಗಂಧದ ಕೊರಡು, ಈಗ ಗಾರೆ. ತಾನು ಕರಗಿ, ತಾನು ಸವೆದು, ತಾನು ಉದುರಿ. ಶಾಲೆಯ ಪ್ರಬಂಧದಲ್ಲಿ ಹುಡುಗಿಯರು ತಾಯಿಯ ಬಗ್ಗೆ ಹೀಗೆ ಬರೆದರೆ ನಾನು ಹತ್ತಕ್ಕೆ ಎಂಟು ಅಂಕ ಕೊಟ್ಟಿದ್ದೇನೆ. ಆದರೆ ಆ ಗೌಂಡಿ ಹೇಳಿದ್ದರಲ್ಲಿ ಎರಡು ಭಾಗಗಳಿದ್ದವು. ಗಾರೆ ಸವೆಯುತ್ತದೆ ಎಂಬುದು ಒಂದು. ಸವೆದದ್ದನ್ನು ಕಾಲಕಾಲಕ್ಕೆ ಮನೆಯವರು ಮೇಲೆ ಹತ್ತಿ ನೋಡಿ ತುಂಬಬೇಕು ಎಂಬುದು ಇನ್ನೊಂದು. ಸುಣ್ಣದ ಸಂದು ಉದುರಿದ್ದರೆ ಅದು ಕೆಟ್ಟ ಕೆಲಸವಲ್ಲ, ಅದು ತನ್ನ ಕೆಲಸ ಮಾಡಿದೆ; ಉದುರಿದ ಮೇಲೂ ತಲೆ ಎತ್ತಿ ನೋಡದ ಮನೆಯವರದು ತಪ್ಪು ಎಂದ ಅವನು. ನಾವು ಮೊದಲ ಭಾಗವನ್ನಷ್ಟೇ ಕಲಿತೆವು. ಎರಡನೆಯ ಭಾಗವಿಲ್ಲದೆ ಮೊದಲನೆಯದನ್ನು ಹೊಗಳುವುದು ಎಂಥ ನ್ಯಾಯ? ಕೆಲಸ ಮಾಡಿಸಿಕೊಂಡು ಕೂಲಿಯ ಬದಲು ಚಪ್ಪಾಳೆ ಕೊಟ್ಟ ಹಾಗೆ.

ಹಾಗಾದರೆ ಹೆಂಗಸು ಸಿಮೆಂಟಾಗಬೇಕೇ? ಈ ಪ್ರಶ್ನೆಗೆ ಉತ್ತರ ನನಗೆ ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ನಾನು ಅದಾಗಿ ನೋಡಿದ್ದೇನೆ.

ಸಿಮೆಂಟು ಎಂದೆನಲ್ಲ, ಪೋರ್ಟ್‌ಲ್ಯಾಂಡ್ ಸಿಮೆಂಟು ಎಂಬ ಹೆಸರಿನಲ್ಲಿ ಮೊದಲ ಪೇಟೆಂಟು ತೆಗೆದುಕೊಂಡವನು ಅದೇ ಲೀಡ್ಸ್ ಊರಿನ ಜೋಸೆಫ್ ಆಸ್ಪ್‌ಡಿನ್, 1824ರಲ್ಲಿ. ಅವನೂ ಇಟ್ಟಿಗೆ ಕಟ್ಟುವ ಗೌಂಡಿಯೇ. ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿಯನ್ನು ಕುಡಿಯುತ್ತ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ; ಕಾಯುವುದು ಬೇಡವೆಂದು ಜನ ಸಿಮೆಂಟಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಅಣೆಕಟ್ಟಿಗೆ, ಸೇತುವೆಗೆ, ಈಗಿನ ಗಟ್ಟಿ ಇಟ್ಟಿಗೆಗೆ ಅದು ಬೇಕು. ಅದರಲ್ಲೇನೂ ಪಾಪವಿಲ್ಲ. ಮೆತ್ತಗಿನ ಹಳೆಯ ಇಟ್ಟಿಗೆಯ ಮಗ್ಗುಲಿಗೆ ಅದನ್ನು ತಂದು ಕೂಡಿಸಿದಾಗ ಮಾತ್ರ ಕೆಡುಕು. ನಮ್ಮಲ್ಲೂ ಸುಣ್ಣವೇ ಇತ್ತಲ್ಲ. ವಿಜಾಪುರದ ಗೋಲಗುಮ್ಮಟದ ಆ ಭಾರೀ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯದ್ದೇ, 1656ರಿಂದ ನಿಂತಿದೆ. ನಾನು ಸಣ್ಣವಳಿದ್ದಾಗ ಊರ ಹೊರಗೆ ಗಾರೆ ಅರೆಯುವ ಗಾಣವಿತ್ತು. ದುಂಡಗಿನ ಕಾಲುವೆಯಲ್ಲಿ ಸುಣ್ಣ, ಮರಳು ಹಾಕಿ ಎತ್ತು ಹೂಡಿ ಕಲ್ಲಿನ ಗಾಲಿ ತಿರುಗಿಸುತ್ತಿದ್ದರು. ಅದರೊಳಗೆ ಬೆಲ್ಲದ ನೀರು ಹಾಕುವುದನ್ನು ಕಂಡು ನಾವು ಹುಡುಗಿಯರು ಬಾಯಿ ಚಪ್ಪರಿಸುತ್ತಿದ್ದೆವು.

ನನ್ನ ಮಾತಿಗೆ ಬರುತ್ತೇನೆ. ಅತ್ತೆ ತೀರಿಕೊಂಡ ಮೇಲೆ 1994ರಲ್ಲಿ ಮನೆ ಹಿಸ್ಸೆಯಾಯಿತು. ಗಂಡಸರಿಬ್ಬರೂ ಹೇಗಾದರೂ ಆಗಲಿ ಎನ್ನುವ ಸ್ವಭಾವದವರು. ನಾನು ಓದಿದವಳು, ಸಂಬಳ ತರುವವಳು. ಮೆತ್ತಗಿದ್ದರೆ ತುಳಿಯುತ್ತಾರೆ ಎಂದು ಎಲ್ಲೆಲ್ಲೋ ಓದಿ, ಕೇಳಿ, ಗಟ್ಟಿಯಾಗಬೇಕೆಂದು ನಿಶ್ಚಯಿಸಿದವಳು. ಟೇಪು ಹಿಡಿದು ಅಳೆಸಿದೆ. ಒಂದಿಂಚು ಹೆಚ್ಚು ಕೇಳಲಿಲ್ಲ, ಒಂದಿಂಚು ಬಿಡಲೂ ಇಲ್ಲ. ಅಡುಗೆಮನೆಯ ನಟ್ಟನಡುವೆ ಸಿಮೆಂಟಿನ ಗೋಡೆ ಎದ್ದಿತು. ಅದು ಮಣ್ಣಿನ ಮಾಳಿಗೆಯ ಮನೆ. ಹೊಗೆ ಹೋಗಲು, ಬೆಳಕು ಬರಲು ಮೇಲೆ ಒಂದೇ ಬೆಳಕಿಂಡಿ. ಅದು ನನ್ನ ಪಾಲಿನ ಅರ್ಧಕ್ಕೆ ಬಂತು. ಹಿತ್ತಲೂ ನಮ್ಮ ಪಾಲಿಗೆ ಬಂತು. ಅದರ ಬದಲು ಅವರಿಗೆ ಮುಂದಿನ ಪಡಸಾಲೆಯಲ್ಲಿ ಎರಡು ಅಂಕಣ ಹೆಚ್ಚು. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಇಂದಿಗೂ ಯಾವ ವಕೀಲರಿಗೆ ತೋರಿಸಿದರೂ ಸರಿ ಎಂದೇ ಹೇಳುತ್ತಾರೆ.

ಅಕ್ಕನ ಪಾಲಿನ ಅಡುಗೆಮನೆಗೆ ಕಿಂಡಿಯಿಲ್ಲ. ಅವರ ಮನೆಗೆ ಗ್ಯಾಸು ಬರುವವರೆಗೆ, ಸುಮಾರು ಏಳು ವರ್ಷ, ಅವರು ಆ ಕತ್ತಲೆಯಲ್ಲಿ ಕಟ್ಟಿಗೆಯ ಒಲೆ ಊದಿದರು. ಹೊಗೆ ನಡುಮನೆಗೆ ಬಂದು ಅಲ್ಲಿಂದ ಬಾಗಿಲಿಗೆ ಹೋಗಬೇಕು. ಅವರ ಕೆಮ್ಮು ಆಗಿನಿಂದ ಬಂದದ್ದು ಎಂದು ನಾನು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಇನ್ನೂ ನಾಚಿಕೆಯ ಮಾತೊಂದಿದೆ. ನಾನು ನನ್ನ ಅಡುಗೆಮನೆಯನ್ನು ಮುಂದಿನ ಕೋಣೆಗೆ ಸ್ಥಳಾಂತರಿಸಿ, ಮಳೆ ಸೋರುತ್ತದೆಂದು 1999ರಲ್ಲಿ ಆ ಬೆಳಕಿಂಡಿಯನ್ನು ಸಿಮೆಂಟು ಹಾಕಿ ಮುಚ್ಚಿಸಿದೆ. ನನಗೂ ಬೇಡವಾದದ್ದು, ಅವರಿಗೂ ಸಿಗದ್ದು. ಅಕ್ಕ ಒಂದು ಮಾತಾಡಲಿಲ್ಲ. ಅವರು ಮಾತಾಡಲಿಲ್ಲವೆಂದರೆ ಅವರಿಗೆ ಏನೂ ಆಗಿಲ್ಲ ಎಂದು ತಿಳಿದುಕೊಂಡೆ. ಗೋಡೆಯ ಆಚೆಯಿಂದ ಹಬ್ಬಕ್ಕೆ ಹೋಳಿಗೆ ಬರುವುದು ತಪ್ಪಲಿಲ್ಲ, ಮಗಳು ಶಾಲೆಯಿಂದ ಬಂದವಳು ಮೊದಲು ದೊಡ್ಡವ್ವನ ಮನೆಗೇ ಹೋಗುವುದೂ ತಪ್ಪಲಿಲ್ಲ. ನನ್ನ ಮೇಲೆ ಒಂದು ಗೀರೂ ಬೀಳಲಿಲ್ಲ.

ಲೀಡ್ಸಿನಲ್ಲಿ ಮಗಳು ಅಳಿಯ ಎರಡು ದಿನ ಲೆಕ್ಕ ಹಾಕಿ, ಪಕ್ಕದ ಮನೆಯ ಮುದುಕಿಯನ್ನೂ ಕೇಳಿ, ಹಿರಿಯ ಗೌಂಡಿಗೇ ಕೆಲಸ ಕೊಟ್ಟರು. ದುಡ್ಡು ಹೆಚ್ಚು, ದಿನವೂ ಹೆಚ್ಚು. ಕಬ್ಬಿಣದ ಕೊಳವೆಗಳ ಅಟ್ಟಣಿಗೆ ಎದ್ದಿತು. ನಾನು ಮೇಲಿನ ಕಿಟಕಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಬೇರೆ ಕೆಲಸವೇನಿತ್ತು ನನಗೆ? ಹೊಗೆಗೂಡು ಅಲ್ಲಿಂದ ಕಾಣುತ್ತಿರಲಿಲ್ಲ, ಆದರೆ ಅಟ್ಟಣಿಗೆಯ ಕೆಳಗಿನ ಹಲಗೆಯ ಮೇಲೆ ಅವನು ಗಾರೆ ಕಲಸುವುದು ಕಾಣುತ್ತಿತ್ತು, ಉಳಿಯ ಸದ್ದು ಕೇಳುತ್ತಿತ್ತು. ಮಶಿನ್ನು ಹಚ್ಚಲಿಲ್ಲ, ಅದರ ಗಾಲಿ ಒಮ್ಮೆ ಜಾರಿದರೆ ಇಟ್ಟಿಗೆಯ ಅಂಚನ್ನೇ ಕತ್ತರಿಸುತ್ತದಂತೆ. ತೆಳ್ಳಗಿನ ಉಳಿ, ಸಣ್ಣ ಸುತ್ತಿಗೆ. ಸಂದಿನ ಅಗಲ ಬೆರಳಿನಷ್ಟು. ಅದರ ಎರಡರಷ್ಟಾದರೂ ಆಳಕ್ಕೆ ಹಳೆಯದನ್ನು ಕೆತ್ತಿ ತೆಗೆಯಬೇಕು. ಮೇಲೆಮೇಲೆ ಹಚ್ಚಿದ್ದು ನಿಲ್ಲುವುದಿಲ್ಲ. ಆಮೇಲೆ ಧೂಳು ಗುಡಿಸಿ, ನೀರು ಚಿಮುಕಿಸಿ ಇಟ್ಟಿಗೆಯ ಬಾಯಾರಿಕೆ ತೀರಿಸಬೇಕು, ಇಲ್ಲವಾದರೆ ಅದು ಹೊಸ ಗಾರೆಯ ನೀರನ್ನೇ ಹೀರಿಬಿಡುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ನೀರು ಆದಷ್ಟು ಕಡಿಮೆ. ಚಕ್ಕುಲಿ ಹಿಟ್ಟಿನ ಹದ. ಸಣ್ಣ ಕರಣೆಯಿಂದ ಒಳಗಿನಿಂದ ಒತ್ತಿ ಒತ್ತಿ ತುಂಬಿ, ಅರೆಬರೆ ಗಟ್ಟಿಯಾದ ಮೇಲೆ ಬಿರುಸು ಕುಂಚದಿಂದ ತಟ್ಟುವುದು. ನಯ ಮಾಡಿ ಹೊಳಪಿಸುವುದಿಲ್ಲ. ಕೊನೆಗೆ ಒದ್ದೆ ಗೋಣಿತಟ್ಟು ಹೊದಿಸಿ, ಬಿಸಿಲಿಗೂ ಗಾಳಿಗೂ ಬೇಗ ಒಣಗದಂತೆ ದಿನಾ ನೀರು ಚಿಮುಕಿಸುವುದು. ಬಾಣಂತಿಯನ್ನು ನೋಡಿಕೊಂಡ ಹಾಗೆ.

ಒಂದು ದಿನ ಉಳಿಯ ಸದ್ದು ನಿಂತಿತು. ಕೆಳಗಿಳಿದು ಬಂದ ಗೌಂಡಿ ಮಗಳಿಗೆ ಹೇಳಿದ: ಪಕ್ಕದ ಮನೆಯ ಕಡೆ ನಾಲ್ಕಾರು ಸಾಲುಗಳಲ್ಲಿ ಸಿಮೆಂಟು ಬಿಡುತ್ತಿಲ್ಲ, ಎಳೆದರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ. ಅಲ್ಲಿ ಬಿಟ್ಟುಬಿಡುತ್ತೇನೆ. ತಾನಾಗಿ ಸಡಿಲಾದ ಮೇಲೆ ಮುಂದೊಂದು ದಿನ ಯಾರಾದರೂ ತೆಗೆಯಲಿ. ಮಗಳಿಗೆ ಸ್ವಲ್ಪ ಅಸಮಾಧಾನವಾಯಿತು, ದುಡ್ಡು ಪೂರ್ತಿ ಕೊಡುತ್ತಿದ್ದೇವಲ್ಲ ಎಂದು. ಅವನು ಭುಜ ಹಾರಿಸಿ ಮತ್ತೆ ಮೇಲೆ ಹೋದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಲ್ಲಿ ಬೆಳಗಾಗುವ ಹೊತ್ತಿಗೆ, ಅಂದರೆ ಅಲ್ಲಿಯ ನಡುರಾತ್ರಿಗೆ, ಧಾರವಾಡಕ್ಕೆ ಫೋನು ಹಚ್ಚಿದೆ. ಅಕ್ಕನಿಗೆ ಈಗ ಎಪ್ಪತ್ತಾರು. ಐದಕ್ಕೇ ಏಳುತ್ತಾರೆ, ಈಗಲೂ.

“ಅಕ್ಕಾ, ಒಂದು ಮಾತ ಕೇಳತೇನ್ರಿ. ಆವತ್ತ ಸಾಲ್ಯಾಗ ಭಾಷಣ ಮಾಡೂ ಮುಂದ ನಿಮಗ ಗಾರೆ ಅಂದಿದ್ದೆ. ನೆನಪೈತೇನ್ರಿ?”

“ಹೂಂ. ಎಲ್ಲಾರೂ ಚಪ್ಪಾಳಿ ಬಡದ್ರು.”

“ನಿಮಗ ಏನ ಅನಿಸಿತ್ರಿ?”

ಆ ಕಡೆ ಸ್ವಲ್ಪ ಹೊತ್ತು ಕೆಮ್ಮು. “ಏನ ಅನಸ್ತೈತಿ ತಂಗಿ? ನಾನೂ ಇಟ್ಟಂಗೀನ ಇದ್ನಿ. ನೀವೆಲ್ಲಾ ಗಾರಿ ಅಂತ ತಿಳಕೊಂಡ್ರಿ.”

ಸಿಟ್ಟಿನಿಂದ ಹೇಳಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವಂತೆ ಹೇಳಿದರು. ಹತ್ತು ದಿನ ಕಿಟಕಿಯಲ್ಲಿ ಕೂತು ನಾನು ಹೆಣೆದ ವಿಚಾರವೆಲ್ಲ ಅಲ್ಲೇ ಕುಸಿಯಿತು. ಗಾರೆಯನ್ನು ಹೇಗೆ ನೋಡಿಕೊಳ್ಳಬೇಕು, ಯಾವಾಗ ತುಂಬಬೇಕು ಎಂದು ನಾನು ಯೋಚಿಸುತ್ತಿದ್ದೆನೇ ಹೊರತು, ಅವರನ್ನು ಗಾರೆ ಎಂದು ನೇಮಿಸಿದವರು ಯಾರು ಎಂದು ಕೇಳಿಕೊಂಡಿರಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದವರು ಅವರ ಮನೆಯವರು. ಮುಂದಿನದನ್ನು ನಾವೆಲ್ಲ ಸೇರಿ ಮಾಡಿದೆವು. ನಾನು ಇಟ್ಟಿಗೆಯಾಗಿ ಉಳಿಯಲು ಅವರು ಗಾರೆಯಾಗಿರುವುದು ನನಗೆ ಬೇಕಾಗಿತ್ತು.

ಏನು ಹೇಳುವುದೆಂದು ತಿಳಿಯದೆ, “ಅಕ್ಕಾ, ನಾ ಬಂದ ಕೂಡಲೇ ಆ ಅಡಿಗಿಮನಿ ಗ್ವಾಡಿ ಒಡಿಸಿಬಿಡೂನ್ರಿ” ಎಂದೆ.

“ಹುಚ್ಚಿ. ಈಗ ಒಡದ್ರ ಮ್ಯಾಲಿನ ಮಾಳಿಗಿ ಬೀಳತೈತಿ. ಗ್ವಾಡಿ ಇರಲಿ.” ಮತ್ತೆ ಕೆಮ್ಮು. “ಹಿತ್ತಲ ಕಡೆ ಒಂದು ಕಿಂಡಿ ತಗಸಾಕ ಆಗತೈತೇನು ನೋಡು. ಗ್ಯಾಸ್ ಇದ್ರೂ ಒಗ್ಗರಣಿ ಘಾಟ ಹೋಗೂದಿಲ್ಲ.”

“ಇಷ್ಟ ವರ್ಷ ಯಾಕ ತಗಸಲಿಲ್ರಿ ಮತ್ತ?”

“ಹಿತ್ತಲ ನಿಂದಲ್ಲೇನು? ನಿನ್ನ ಕೇಳದ ಹೆಂಗ ತಗಸೂದು?”

ಇಪ್ಪತ್ತೊಂಬತ್ತು ವರ್ಷ. ಗೋಡೆಯ ಆಚೆ ಈಚೆ ಇದ್ದವರು ನಾವು. ಕೇಳಿದ್ದರೆ ಕೊಡುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. 1994ರಲ್ಲಿ, 1999ರಲ್ಲಿ ಕೇಳಿದ್ದರೆ ಕೊಡುತ್ತಿದ್ದೆನೇ? ಟೇಪು ತರಿಸುತ್ತಿದ್ದೆನೇನೋ. ಬಾಯಿ ಮುಚ್ಚಿದೆ.

“ಎಷ್ಟ ದೊಡ್ಡದು ಬೇಕ್ರಿ ಕಿಂಡಿ?”

“ಮೊಣಕೈಯಿಂದ ಬೆರಳ ತುದೀತನ ಇದ್ರ ಸಾಕು. ಅಷ್ಟ ಅಗಲ, ಅಷ್ಟ ಎತ್ತರ. ಬೆಕ್ಕ ಬರದಂಗ ಜಾಳಗಿ ಹಾಕಸು.”

ಕತ್ತಲೆಯಲ್ಲಿ ಹಾಸಿಗೆಯ ಮೇಲೆ ಕೂತು ಮೊಣಕೈ ಗೋಡೆಗೆ ಹಚ್ಚಿ ಅಳತೆ ನೋಡುತ್ತಿದ್ದೆ. ಸದ್ದಿಗೆ ಎದ್ದು ಬಂದ ಮಗಳು ಲೈಟು ಹಾಕಿ, “ಏನ ಮಾಡಾಕತ್ತೀಯವ್ವಾ ಈ ಹೊತ್ತಿನ್ಯಾಗ?” ಎಂದಳು. ನಾನು ಫೋನನ್ನು ಅವಳ ಕೈಗೆ ಕೊಟ್ಟೆ, “ನಿಮ್ಮ ದೊಡ್ಡವ್ವ” ಎಂದೆ. ಅವಳು ಅಲ್ಲೇ ನೆಲದ ಮೇಲೆ ಕೂತು ಮಾತಿಗೆ ಶುರುಮಾಡಿದಳು. ಹೊರಗೆ ಮಳೆ ಹಿಡಿದಿತ್ತು. ಮೇಲೆ ಗೋಣಿತಟ್ಟು ಗಾಳಿಗೆ ಪಟಪಟ ಬಡಿಯುವುದು ಕೇಳುತ್ತಿತ್ತು.